ಕಸ ಸುಟ್ಟ ಬೂದಿ ಒಲೆಯ ಬೂದಿಯಲ್ಲ



ಬೂದಿಯ ಬೆಲೆ ಏನೆಂಬುದು ನಿಮಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವಲ್ಲ. ಒಲೆಯ ಬೂದಿಯನ್ನು ನಮ್ಮ ಹೆಂಗಸರು ಬುಟ್ಟಿಯಲ್ಲಿ ಕೂಡಿಟ್ಟು ತಿಪ್ಪೆಗೆ ಸೇರಿಸುತ್ತಾರೆ. ತೆಂಗಿನ ಬುಡಕ್ಕೆ ಹಾಕುತ್ತೇವೆ. ಬದನೆ, ಹೀರೆ ಗಿಡಗಳ ಎಲೆಯ ಮೇಲೆ ಉದುರಿಸುತ್ತೇವೆ. ಅವರೆ, ಹುರುಳಿ ಕಾಳಿಗೆ ಬೆರೆಸಿ ಹುಳು ಬೀಳದಂತೆ ಮಡಕೆಯಲ್ಲಿ ತುಂಬಿಡುತ್ತೇವೆ. ಸೌದೆ ಸುಟ್ಟ ಬೂದಿಯಲ್ಲಿ ಪೊಟ್ಯಾಷ್ ಉಂಟು, ಸುಣ್ಣದ ಅಂಶ ಉಂಟು. ಮರವು ಭೂಮಿಯಿಂದ ಪಡೆದುದನ್ನು ಭೂಮಿಗೇ ಹಿಂದಿರುಗಿಸಿದಂತೆ ಆಗುತ್ತದೆ. ಇದು ಒಳ್ಳೆಯ ಪದ್ಧತಿ, ಬಿಡಬೇಕಾದ ಕಾರಣವಿಲ್ಲ.

ಆದರೆ ಇನ್ನೊಂದು ಬಗೆಯ ಬೂದಿ ಈಗ ಹಳ್ಳಿಗಳ ಕಡೆಗೆ ಮುಖ ಮಾಡಿದೆ. ಅದು ಪಟ್ಟಣದ ಕಸ ಸುಟ್ಟ ಬೂದಿ. ಪಟ್ಟಣಗಳಲ್ಲಿ ಕಸ ಹಾಕಲು ಜಾಗ ಸಾಲದೆ, ಅದನ್ನು ದೊಡ್ಡ ಕುಲುಮೆಗಳಲ್ಲಿ ಸುಟ್ಟು ವಿದ್ಯುತ್ ತೆಗೆಯುವ ಏರ್ಪಾಡು ದೇಶದ ಹಲವೆಡೆ ನಡೆದಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ ಇಂಥ ಕಾರ್ಖಾನೆಗೆ 2020ರ ಡಿಸೆಂಬರಿನಲ್ಲಿ ಅಡಿಗಲ್ಲು ಹಾಕಲಾಯಿತು. ಅದರ ಅಂದಾಜು ದಿನಕ್ಕೆ 600 ಟನ್ ಕಸ, 11.5 ಮೆಗಾವ್ಯಾಟ್ ವಿದ್ಯುತ್. ಒಂದು ಟನ್ ಕಸ ಸುಟ್ಟರೆ 200ರಿಂದ 300 ಕಿಲೋ ಬೂದಿ ಉಳಿಯುವುದು ಸಾಮಾನ್ಯ. ಕಡಿಮೆಯಾಗಿ 200 ಕಿಲೋ ಎಂದೇ ಹಿಡಿದರೂ 600 ಟನ್ನಿಗೆ 120 ಟನ್ ಆಯಿತು. ದಿನಕ್ಕೆ ಹತ್ತು ಟನ್ನಿನ ಹನ್ನೆರಡು ಲಾರಿ. ಇಷ್ಟು ಬೂದಿ ಎಲ್ಲಿಗಾದರೂ ಹೋಗಲೇಬೇಕಷ್ಟೆ!

ಆದುದರಿಂದ ಒಂದು ದಿನ ನಿಮ್ಮ ಹೊಲದ ಬದುವಿನ ಬಳಿ ಲಾರಿ ನಿಂತು, “ಯಜಮಾನರೇ, ತಗ್ಗು ಜಾಗ ಇದೆಯಲ್ಲ, ಪುಕ್ಕಟೆ ಬೂದಿ ತುಂಬಿಸಿಕೊಡುತ್ತೇವೆ, ಭೂಮಿಗೂ ಗೊಬ್ಬರ” ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ತಿಳಿದಿರಬೇಕಾದುದನ್ನು ಇಲ್ಲಿ ಬರೆದಿದೆ.

ಬೆಂಕಿ ಲೋಹವನ್ನು ಸುಡದು

ಪಟ್ಟಣದ ಕಸದಲ್ಲಿ ಸೊಪ್ಪು, ಕಾಗದ, ಎಂಜಲೆಲೆ ಮಾತ್ರವಲ್ಲ, ಬಣ್ಣದ ಪ್ಲಾಸ್ಟಿಕ್, ವಯರಿನ ಹೊದಿಕೆ, ಸವೆದ ಟೈರು, ಬ್ಯಾಟರಿ, ಬಣ್ಣ ಬಳಿದ ಹಳೆಯ ಬಾಗಿಲು, ಕೆಟ್ಟ ರೇಡಿಯೋ, ಮೊಬೈಲು ಎಲ್ಲವೂ ಇರುತ್ತವೆ. ಇವುಗಳಲ್ಲಿ ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ಕ್ರೋಮಿಯಂ ಮೊದಲಾದ ಭಾರ ಲೋಹಗಳು ಸೇರಿರುತ್ತವೆ. ಟೈರಿನ ರಬ್ಬರಿನಲ್ಲಿ ಸತು ಉಂಟು. ಹಳೆಯ ಬಣ್ಣದಲ್ಲಿ ಸೀಸ ಉಂಟು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ನಮ್ಮ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಬಂದದ್ದೇ 2017ರಲ್ಲಿ.

ಬೆಂಕಿಯಲ್ಲಿ ಕಾಗದ ಹೊಗೆಯಾಗಿ ಹೋಗುತ್ತದೆ, ಪ್ಲಾಸ್ಟಿಕ್ ಹೊಗೆಯಾಗಿ ಹೋಗುತ್ತದೆ. ಸೀಸ ಎಲ್ಲಿಗೆ ಹೋದೀತು? ಲೋಹವು ಮೂಲವಸ್ತು, ಅದನ್ನು ಯಾವ ಬೆಂಕಿಯೂ ನಾಶಮಾಡಲಾರದು. ಹತ್ತು ಬುಟ್ಟಿ ಕಸದಲ್ಲಿ ಚೆದುರಿದ್ದುದು ಎರಡು ಬುಟ್ಟಿ ಬೂದಿಯಲ್ಲಿ ಒತ್ತಾಗಿ ಕೂಡುತ್ತದೆ. ಹಾಲು ಕಾಯಿಸಿ ಖೋವಾ ಮಾಡಿದಂತೆ, ಮೂಲದಲ್ಲಿದ್ದುದೇ ಗಟ್ಟಿಯಾಗಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಸದ ಕುಲುಮೆಯಲ್ಲಿ ಎರಡು ಬಗೆಯ ಬೂದಿ ಬರುತ್ತದೆ. ಕೆಳಗೆ ಸರಳುಗಳ ಮೇಲಿಂದ ಬೀಳುವುದು ತಳಬೂದಿ. ಇದರಲ್ಲಿ ಗಾಜಿನ ಚೂರು, ಮೊಳೆ, ಕಲ್ಲು, ಹರಳುಗಟ್ಟಿದ ಕಿಟ್ಟ ಎಲ್ಲ ಇರುತ್ತವೆ. ಹೊಗೆಯೊಡನೆ ಮೇಲಕ್ಕೆ ಹೋಗಿ, ಹೊಗೆಕೊಳವೆಗೆ ಮುಂಚೆ ಇರುವ ಶೋಧಕದಲ್ಲಿ ಸಿಕ್ಕಿಬೀಳುವುದು ಹಾರುಬೂದಿ, ಹಿಟ್ಟಿನಂತೆ ನಯವಾಗಿರುತ್ತದೆ. ಕುಲುಮೆಯ ಒಳಗೆ 850 ಡಿಗ್ರಿಗೂ ಮೀರಿದ ಕಾವು ಇರುತ್ತದೆ. ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಸೀಸವೂ ಸತುವೂ ಕಸದಲ್ಲಿನ ಉಪ್ಪು ಮತ್ತು ಕೆಲವು ಪ್ಲಾಸ್ಟಿಕ್‌ಗಳಲ್ಲಿರುವ ಕ್ಲೋರಿನ್ನಿನೊಡನೆ ಕೂಡಿ ಸುಲಭವಾಗಿ ಮೇಲೇಳುತ್ತವೆ. ಹೊಗೆ ತಣ್ಣಗಾಗುತ್ತಲೇ ಈ ಆವಿಗಳು ಹಾರುತ್ತಿರುವ ಬೂದಿಯ ಕಣಗಳ ಮೈಗೆ ಅಂಟಿಕೊಳ್ಳುತ್ತವೆ. ಅಡುಗೆಮನೆಯ ಅಟ್ಟಕ್ಕೆ ಮಸಿ ಹಿಡಿಯುತ್ತದಲ್ಲ, ಹಾಗೆ. ಆದುದರಿಂದ ತೂಕದಲ್ಲಿ ಸ್ವಲ್ಪವೇ ಆದ ಹಾರುಬೂದಿಯಲ್ಲಿ ವಿಷದ ಪಾಲು ಹೆಚ್ಚು. ಅದರ ಒಂದು ಕಿಲೋವಿನಲ್ಲಿ ಕೆಲವು ಗ್ರಾಂ ಸೀಸ ಇರುವುದು ಅಪರೂಪವಲ್ಲ. ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪಟ್ಟಣದ ಕಾಂಪೋಸ್ಟ್ ಗೊಬ್ಬರದಲ್ಲಿ ಕಿಲೋವಿಗೆ 100 ಮಿಲಿಗ್ರಾಂ ಸೀಸ, 5 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಕೂಡದು. ಒಂದು ಗ್ರಾಂ ಎಂದರೆ 1000 ಮಿಲಿಗ್ರಾಂ ಎಂಬುದನ್ನು ನೆನೆದರೆ ಈ ಬೂದಿ ಗೊಬ್ಬರವಾಗುವ ಮಾತೇ ಇಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬರುವ ಹಾರುಬೂದಿ ಬೇರೆ, ಇದು ಬೇರೆ. ಹೆಸರು ಒಂದೇ ಆದುದರಿಂದ ಮೋಸ ಹೋಗಬಾರದು. ಕಬ್ಬಿನ ಸಿಪ್ಪೆಯ ಬೂದಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಇವೂ ಬೇರೆ ಜಾತಿಯವು. ಬೂದಿಯ ಬಣ್ಣ ನೋಡಿ ಜಾತಿ ಹೇಳಲಾಗದು. ಏನು ಸುಟ್ಟದ್ದು ಎಂದು ಕೇಳಿಯೇ ತಿಳಿಯಬೇಕು.

ಬೂದಿಯಿಂದ ಬಾವಿಗೆ

ಲೋಹವು ಬೂದಿಯಲ್ಲಿ ಇದ್ದ ಮಾತ್ರಕ್ಕೆ ಕೇಡಾಗದು. ಅದು ನೀರಿಗೆ ಇಳಿದಾಗ ಕೇಡು. ಸಾಬೂನು ಹಳ್ಳಿಗಳಿಗೆ ಬರುವ ಮೊದಲು ಬೂದಿಯನ್ನು ನೀರಿನಲ್ಲಿ ನೆನೆಹಾಕಿ, ಮೇಲಿನ ತಿಳಿಯನ್ನು ಬಸಿದು ಬಟ್ಟೆ ಒಗೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಬೂದಿಯಲ್ಲಿದ್ದ ಕ್ಷಾರವು ನೀರಿಗೆ ಇಳಿದು ಬರುತ್ತಿತ್ತು. ಕಾಫಿ ಪುಡಿಯ ಮೇಲೆ ಬಿಸಿನೀರು ಹೊಯ್ದರೆ ಕೆಳಗೆ ಡಿಕಾಕ್ಷನ್ ಇಳಿಯುವುದೂ ಇದೇ ಕ್ರಮ. ತಗ್ಗಿನಲ್ಲಿ ಸುರಿದ ಕಸದ ಬೂದಿಯ ಮೇಲೆ ಮುಂಗಾರು ಮಳೆ ಬಿದ್ದರೂ ಅದೇ ಆಗುವುದು. ಇಳಿದ ನೀರು ಮಣ್ಣಿಗೆ, ಮಣ್ಣಿನಿಂದ ಬಾವಿಗೆ, ಕೆರೆಗೆ.

ಎಷ್ಟು ಇಳಿದರೆ ಅಪಾಯ? ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವು ಲೀಟರಿಗೆ 0.01 ಮಿಲಿಗ್ರಾಂ ಸೀಸ ಎಂದು ಮಿತಿ ಹಾಕಿದೆ. ಲೆಕ್ಕ ಮಾಡಿ: ಒಂದೇ ಒಂದು ಗ್ರಾಂ ಸೀಸ ಪೂರ್ತಿಯಾಗಿ ಕರಗಿದರೆ 1 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಹತ್ತು ಅಡಿ ಅಗಲದ ದುಂಡು ಬಾವಿಯಲ್ಲಿ ಹದಿನೈದು ಅಡಿ ನೀರಿದ್ದರೆ ಅದು ಸುಮಾರು 33,000 ಲೀಟರ್. ಅಂದರೆ ಒಂದು ಗ್ರಾಂ ಸೀಸಕ್ಕೆ ಮೂರು ಬಾವಿ. ಕ್ಯಾಡ್ಮಿಯಂನ ಮಿತಿ ಇನ್ನೂ ಬಿಗಿ, ಲೀಟರಿಗೆ 0.003 ಮಿಲಿಗ್ರಾಂ. ಪುಣ್ಯಕ್ಕೆ ಬೂದಿಯಲ್ಲಿರುವುದೆಲ್ಲ ಒಮ್ಮೆಗೇ ಕರಗುವುದಿಲ್ಲ, ಮಣ್ಣು ಸಹ ಒಂದು ಪಾಲನ್ನು ಹಿಡಿದುಕೊಳ್ಳುತ್ತದೆ. ಆದರೆ ಮಣ್ಣು ಹಿಡಿದುಕೊಂಡದ್ದು ಬೆಳೆಯ ಬೇರಿಗೆ ಸಿಕ್ಕುವ ಜಾಗದಲ್ಲೇ ನಿಲ್ಲುತ್ತದೆ ಎಂಬುದನ್ನೂ ಮರೆಯಬಾರದು.

ಸೀಸವು ಮುಖ್ಯವಾಗಿ ಚಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ಮೂಳೆಯನ್ನೂ ಕೆಡಿಸುತ್ತದೆ. ಜಪಾನಿನ ತೊಯಾಮ ಪ್ರಾಂತದಲ್ಲಿ ಜಿಂಜು ಎಂಬ ನದಿಗೆ ಕಮಿಯೋಕ ಗಣಿಯಿಂದ ಕ್ಯಾಡ್ಮಿಯಂ ಹರಿದು, ಆ ನೀರಿನಿಂದ ಗದ್ದೆ ಬೆಳೆದವರಿಗೆ ಮೂಳೆ ಮೆತ್ತಗಾಗಿ ಮುರಿಯುವ ರೋಗ ಬಂತು. ಅದು ಬೂದಿಯಿಂದಲ್ಲ, ಗಣಿಯ ನೀರಿನಿಂದ ಆದುದು. ಆದರೆ ಲೋಹ ಅದೇ, ದಾರಿಯೂ ಅದೇ: ನೀರು, ಗದ್ದೆ, ಅನ್ನ. ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿದ್ದು 1968ರಲ್ಲಿ.

ಬೂದಿಯಿಂದಲೇ ಆದ ಒಂದು ಪ್ರಸಂಗ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ್ದು. ಅಲ್ಲಿಯ ಬೈಕರ್ ಎಂಬಲ್ಲಿ ಕಸ ಸುಡುವ ಕಾರ್ಖಾನೆ ಇತ್ತು. ಆ ನಗರದಲ್ಲಿ ಜನರು ಸಣ್ಣ ತುಂಡು ಭೂಮಿಯನ್ನು ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುವ, ಕೋಳಿ ಸಾಕುವ ತೋಟಗಳಿವೆ. 1994ರಿಂದ 1999ರವರೆಗೆ ಆ ತೋಟಗಳ ಕಾಲುದಾರಿಗಳಿಗೆ ಸುಮಾರು 2000 ಟನ್ ಬೂದಿ ಹಾಸಿದರು. ದಾರಿ ಕೆಸರಾಗದೆ ಗಟ್ಟಿಯಾಯಿತು, ಜನರಿಗೂ ಸಂತೋಷ. ಆಮೇಲೆ ಪರೀಕ್ಷೆ ಮಾಡಿಸಿದಾಗ ಬೂದಿಯಲ್ಲಿ ಭಾರ ಲೋಹಗಳೂ, ಕಸ ಸುಡುವಾಗ ಹುಟ್ಟುವ ಡಯಾಕ್ಸಿನ್ ಎಂಬ ಕಡು ವಿಷವೂ ಇರುವುದು ಕಂಡುಬಂತು. ತಳಬೂದಿಗೆ ಹಾರುಬೂದಿಯನ್ನು ಬೆರೆಸಿಬಿಟ್ಟಿದ್ದರು. ಕೋಳಿಗಳ ಸ್ವಭಾವ ಗೊತ್ತಷ್ಟೆ, ದಾರಿಯನ್ನು ಕೆದಕಿ ತಿಂದವು. ವಿಷ ಮೊಟ್ಟೆಗೆ ಬಂತು. ಆ ತೋಟಗಳ ಕೋಳಿ, ಮೊಟ್ಟೆ ತಿನ್ನಬೇಡಿರೆಂದು ಅಧಿಕಾರಿಗಳು ಸಾರಬೇಕಾಯಿತು. ಹಾಸಿದ ಬೂದಿಯನ್ನು ತೆಗೆಸಬೇಕಾಯಿತು. ನಗರಸಭೆಯ ಮೇಲೂ ಕಾರ್ಖಾನೆಯವರ ಮೇಲೂ ಮೊಕದ್ದಮೆ ನಡೆದು ದಂಡ ಬಿತ್ತು. ಕಾನೂನು, ಪ್ರಯೋಗಶಾಲೆ ಎಲ್ಲ ಇದ್ದ ಊರಿನಲ್ಲಿ ಐದು ವರ್ಷ ಯಾರ ಗಮನಕ್ಕೂ ಬಾರದೆ ಹೀಗೆ ನಡೆಯಿತು.

ಲೋಹವನ್ನು ಕಟ್ಟಿಹಾಕುವ ಉಪಾಯಗಳು

ಹಾಗಾದರೆ ಈ ಬೂದಿಗೆ ಉಪಾಯವೇ ಇಲ್ಲವೇ? ಉಂಟು. ಲೋಹವನ್ನು ನಾಶಮಾಡಲಾಗದು ಎಂದೆವು. ಆದರೆ ಅದು ನೀರಿನಲ್ಲಿ ಕರಗದ ರೂಪಕ್ಕೆ ಬರುವಂತೆ ಮಾಡಬಹುದು. ಓಡಾಡುವ ಹೋರಿಯನ್ನು ಗೂಟಕ್ಕೆ ಕಟ್ಟಿದಂತೆ. ಹೋರಿ ಇದ್ದೇ ಇರುತ್ತದೆ. ಹಗ್ಗ ಗಟ್ಟಿಯಿರುವವರೆಗೆ ಬೆಳೆಗೆ ಬಾಯಿ ಹಾಕುವುದಿಲ್ಲ.

ಇದಕ್ಕೆ ಮೊದಲು ಹುಳಿ ಮತ್ತು ಕ್ಷಾರದ ವಿಷಯ ತಿಳಿಯಬೇಕು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರು ಇಟ್ಟರೆ ಕಿಲುಬು ಇಳಿಯುತ್ತದೆ. ಹುಳಿ ಲೋಹವನ್ನು ಕರಗಿಸುತ್ತದೆ, ಅದಕ್ಕೇ ಕಲಾಯಿ. ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ, ಅಂದರೆ ಪಿ.ಎಚ್. ಎಂದು ಒಂದು ಅಂಕಿ ಇರುತ್ತದೆ. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಹೊಸ ಕಸದ ಬೂದಿಯ ರಸಸಾರ 11ರಿಂದ 12ರ ಮೇಲೂ ಇರುತ್ತದೆ. ಸುಟ್ಟ ಸುಣ್ಣದಂತೆ ಚುರುಕು. ಹುಳಿ ಇಲ್ಲವಾದುದರಿಂದ ಲೋಹ ಕರಗಲಾರದು ಎಂದು ನಾವು ಭಾವಿಸಬಹುದು. ಆದರೆ ಸೀಸ ಮತ್ತು ಸತುವಿನ ಗುಣ ಬೇರೆ. ಅವು ಹುಳಿಗೂ ಕರಗುತ್ತವೆ, ಅತಿಯಾದ ಕ್ಷಾರಕ್ಕೂ ಕರಗುತ್ತವೆ. ರಸಸಾರ ಸುಮಾರು 8ರಿಂದ 10ರ ನಡುವೆ ಇದ್ದಾಗ ಮಾತ್ರ ಅವು ಹೆಚ್ಚು ಅಲುಗದೆ ಕೂತಿರುತ್ತವೆ. ಬೂದಿಯನ್ನು ಈ ನಡುವಣ ಹದಕ್ಕೆ ತರುವುದೇ ತಳಬೂದಿಯ ಸಂಸ್ಕಾರದ ಗುಟ್ಟು.

ಅದನ್ನು ತರುವ ಬಗೆ ನಿಮಗೆ ಪರಿಚಿತವೇ. ಗೋಡೆಗೆ ಸುಣ್ಣ ಬಳಿಯುವಾಗ ಕೈ ಸುಡುವ ತಿಳಿ ಸುಣ್ಣ, ಕೆಲವು ದಿನಗಳ ಮೇಲೆ ಗೋಡೆಯಲ್ಲಿ ಕಲ್ಲಿನಂತೆ ಹಿಡಿದಿರುತ್ತದೆ, ಕೈ ಸುಡುವುದಿಲ್ಲ. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಎಳೆದುಕೊಂಡು ಮತ್ತೆ ಸುಣ್ಣಕಲ್ಲಾಗಿ ತಿರುಗಿತು. ತಳಬೂದಿಯನ್ನೂ ತೇವ ಮಾಡಿ, ರಾಶಿ ಹಾಕಿ, ಆಗಾಗ ತಿರುವಿಹಾಕುತ್ತ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಗಾಳಿಗೆ ಬಿಟ್ಟರೆ ಅದರೊಳಗಿನ ಸುಣ್ಣ ಹೀಗೆಯೇ ಮಾಗುತ್ತದೆ. ರಸಸಾರ ಇಳಿಯುತ್ತದೆ. ಹೊಸದಾಗಿ ಹುಟ್ಟಿದ ಸುಣ್ಣಕಲ್ಲಿನ ಹರಳುಗಳು ಸೀಸ, ಸತು, ಕ್ಯಾಡ್ಮಿಯಂಗಳನ್ನು ತಮ್ಮೊಳಗೆ ಹಿಡಿದುಕೊಳ್ಳುತ್ತವೆ. ಜರ್ಮನಿಯಲ್ಲಿ ಮೂರು ತಿಂಗಳು ಹೀಗೆ ಮಾಗಿಸಿದ ಬಳಿಕವೇ ತಳಬೂದಿಯನ್ನು ರಸ್ತೆಯ ಕೆಳಪದರಕ್ಕೆ ಬಳಸುವ ಪದ್ಧತಿ ಇದೆ. ಮೊದಲು ಅಯಸ್ಕಾಂತದಿಂದ ಕಬ್ಬಿಣವನ್ನೂ, ಬೇರೆ ಯಂತ್ರಗಳಿಂದ ಅಲ್ಯುಮಿನಿಯಂ, ತಾಮ್ರದ ಚೂರುಗಳನ್ನೂ ಆರಿಸಿಕೊಳ್ಳುತ್ತಾರೆ. ನೆದರ್ಲೆಂಡಿನವರು 2012ರಲ್ಲಿ ಕಾರ್ಖಾನೆಗಳೊಡನೆ ಒಪ್ಪಂದ ಮಾಡಿಕೊಂಡು, ತಳಬೂದಿಯನ್ನು ನೀರಿನಲ್ಲಿ ತೊಳೆದು ಉಪ್ಪು ಮತ್ತು ನಯವಾದ ಕೆಸರನ್ನು ಬೇರ್ಪಡಿಸುವ ಕ್ರಮಕ್ಕೆ ಹೊರಟರು.

ಇದನ್ನು ಓದಿ ನಮ್ಮ ಹೊಲದ ಮೂಲೆಯಲ್ಲೇ ಮೂರು ತಿಂಗಳು ರಾಶಿ ಹಾಕಿದರೆ ಸಾಕಲ್ಲವೇ ಎಂದುಕೊಳ್ಳಬೇಡಿ. ಮಾಗುವ ಕಾಲದಲ್ಲೇ ಉಪ್ಪು ಮತ್ತು ಲೋಹ ಹೆಚ್ಚಾಗಿ ಬಸಿಯುವುದು. ಆದುದರಿಂದ ಅಲ್ಲಿ ರಾಶಿಯನ್ನು ನೀರು ಇಂಗದ ಗಟ್ಟಿ ನೆಲದ ಮೇಲೆ ಹಾಕಿ, ಬಸಿದ ನೀರನ್ನು ತೊಟ್ಟಿಗೆ ಹಿಡಿದು ಶುದ್ಧಮಾಡುತ್ತಾರೆ. ಆ ಖರ್ಚು ಕಾರ್ಖಾನೆಯವರದು. ನಿಮ್ಮ ಬದುವಿನ ಮೇಲೆ ಅದು ಬೀಳಕೂಡದು. ಇನ್ನೊಂದು ಕುಂದೂ ಉಂಟು. ಮಾಗಿಸುವುದರಿಂದ ಸೀಸ, ಸತು ಹಿಡಿತಕ್ಕೆ ಬಂದರೂ, ಆಂಟಿಮನಿ, ಕ್ರೋಮಿಯಂನಂಥವು ಕೆಲವು ವೇಳೆ ಮೊದಲಿಗಿಂತ ಹೆಚ್ಚು ಕರಗುತ್ತವೆ. ಜ್ವರಕ್ಕೆ ಕೊಟ್ಟ ಮದ್ದು ಹೊಟ್ಟೆನೋವಿಗೆ ಆಗದು.

ಹಾರುಬೂದಿಗೆ ಗಾಳಿಯೊಂದೇ ಸಾಲದು. ಅದರಲ್ಲಿ ಉಪ್ಪಿನ ಅಂಶ ಬಹಳ. ಸಿಮೆಂಟಿನಲ್ಲಿ ಕಲಸಿ ಇಟ್ಟಿಗೆಯಂತೆ ಅಚ್ಚು ಹಾಕುವುದು ಹಳೆಯ ಉಪಾಯ. ಆದರೆ ತೊಳೆಯದೆ ಕಲಸಿದರೆ ಉಪ್ಪು ಮಳೆಗೆ ಕರಗಿ ಹೋಗಿ ಅಚ್ಚು ಬಿರುಕು ಬಿಡುತ್ತದೆ. ಸವಳು ನೆಲದಲ್ಲಿ ಕಟ್ಟಿದ ಗೋಡೆಯ ಗಾರೆ ಉದುರುವುದನ್ನು ಕಂಡವರಿಗೆ ಇದು ಅರ್ಥವಾದೀತು. ಅಮೆರಿಕದಲ್ಲಿ ಬೂದಿಗೆ ರಂಜಕದ ಲವಣ ಅಥವಾ ರಂಜಕಾಮ್ಲ ಸೇರಿಸುವ ಕ್ರಮ ಬಳಕೆಗೆ ಬಂತು. ಸೀಸವು ರಂಜಕದೊಡನೆ ಕೂಡಿದರೆ ನೀರಿಗೆ ಬಹುಮಟ್ಟಿಗೆ ಕರಗದ ಗಟ್ಟಿ ಹರಳಾಗುತ್ತದೆ. ಸೂಪರ್ ಫಾಸ್ಫೇಟ್ ನಮ್ಮ ಮನೆಯಲ್ಲೂ ಇದೆಯಲ್ಲ ಎಂದು ಅದನ್ನು ತಂದು ಸುರಿಯುವುದು ಮಾತ್ರ ಸಲ್ಲದು. ಅದು ಹುಳಿ ಗುಣದ ಗೊಬ್ಬರ, ಪ್ರಮಾಣ ತಪ್ಪಿದರೆ ಬೇರೆ ಲೋಹಗಳನ್ನು ಸಡಿಲಿಸುತ್ತದೆ. ಜಪಾನಿನಲ್ಲಿ ಲೋಹವನ್ನು ಕಚ್ಚಿ ಹಿಡಿಯುವ ರಾಸಾಯನಿಕ ದ್ರವ್ಯಗಳನ್ನು ಹಾರುಬೂದಿಗೆ ಬೆರೆಸುತ್ತಾರೆ. ಬೂದಿಯನ್ನು 1300 ಡಿಗ್ರಿಯ ಮೇಲೆ ಕಾಯಿಸಿ ಗಾಜಿನಂತೆ ಕರಗಿಸುವ ಕಾರ್ಖಾನೆಗಳನ್ನೂ ಅಲ್ಲಿ ಕಟ್ಟಿದರು. ಕೆಲಸ ಚೆನ್ನ, ಉರುವಲಿನ ಖರ್ಚು ವಿಪರೀತ. ನಾರ್ವೆಯವರು ಲಾಂಗೊಯಾ ಎಂಬ ದ್ವೀಪದಲ್ಲಿ ಕಾರ್ಖಾನೆಯ ಪೋಲು ಗಂಧಕಾಮ್ಲವನ್ನೂ ಹಾರುಬೂದಿಯನ್ನೂ ಬೆರೆಸಿ, ಒಂದರ ಹುಳಿಯನ್ನು ಇನ್ನೊಂದರ ಕ್ಷಾರದಿಂದ ಮುರಿದು, ಬಂದ ಜಿಪ್ಸಂನಿಂದ ಸುಣ್ಣಕಲ್ಲಿನ ಹಳೆಯ ಗಣಿಯನ್ನು ತುಂಬಿದರು.

ಎಲ್ಲಕ್ಕಿಂತ ನ್ಯಾಯವಾದ ದಾರಿ ಸ್ವಿಟ್ಜರ್ಲೆಂಡಿನವರದು ಎಂದು ನಮ್ಮ ಅಭಿಪ್ರಾಯ. ಅವರು ಹಾರುಬೂದಿಯನ್ನು ಆಮ್ಲದ ನೀರಿನಲ್ಲಿ ತೊಳೆದು ಸತು, ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನು ಬೂದಿಯಿಂದ ಹೊರಕ್ಕೇ ತೆಗೆಯುತ್ತಾರೆ. ಆ ಆಮ್ಲವೂ ಕಾರ್ಖಾನೆಯ ಹೊಗೆಯನ್ನು ತೊಳೆದ ನೀರೇ, ಬೇರೆ ಕೊಳ್ಳಬೇಕಾದುದಿಲ್ಲ. ತೆಗೆದ ಸತುವನ್ನು ಮತ್ತೆ ಲೋಹವಾಗಿ ಬಳಸಬಹುದು. 2016ರಲ್ಲಿ ಜಾರಿಗೆ ಬಂದ ಅವರ ಕಾನೂನು ಹಾರುಬೂದಿಯಿಂದ ಲೋಹ ತೆಗೆಯುವುದನ್ನು ಕಡ್ಡಾಯಗೊಳಿಸಿತು. ಮಿಕ್ಕವರು ಹೋರಿಯನ್ನು ಗೂಟಕ್ಕೆ ಕಟ್ಟಿದರೆ ಇವರು ಊರಿನಿಂದಾಚೆಗೆ ಸಾಗಿಸಿದರು.

“ಪರೀಕ್ಷೆಯಲ್ಲಿ ಪಾಸಾಗಿದೆ” ಎಂದರೆ

ಬೂದಿ ತಂದವರು ಒಂದು ಕಾಗದ ತೋರಿಸಿ, ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಿದೆ ಎನ್ನಬಹುದು. ಸುಳ್ಳೆನ್ನಬೇಕಾಗಿಲ್ಲ, ಆದರೆ ಆ ಮಾತಿನ ಅರ್ಥವೇನೆಂದು ನೋಡಿ. ಅಮೆರಿಕದಲ್ಲಿ 1990ರಲ್ಲಿ ಬಂದ, ನಮ್ಮ ದೇಶದ ಅಪಾಯಕಾರಿ ತ್ಯಾಜ್ಯದ ನಿಯಮಗಳೂ ಬಳಸಿಕೊಂಡಿರುವ ಒಂದು ಪರೀಕ್ಷೆ ಉಂಟು. 100 ಗ್ರಾಂ ಬೂದಿಗೆ 2 ಲೀಟರ್ ಹುಳಿ ನೀರು ಹಾಕುತ್ತಾರೆ; ವಿನಿಗರ್‌ನಲ್ಲಿರುವ ಆಮ್ಲವೇ ಅದರಲ್ಲಿರುವುದು. 18 ಗಂಟೆ ತಿರುಗಿಸಿ, ಸೋಸಿ, ನೀರಿಗೆ ಎಷ್ಟು ಲೋಹ ಇಳಿಯಿತೆಂದು ಅಳೆಯುತ್ತಾರೆ. ಸೀಸ ಲೀಟರಿಗೆ 5 ಮಿಲಿಗ್ರಾಂ ಮುಟ್ಟದಿದ್ದರೆ ಬೂದಿ ಆ ಮಟ್ಟಿಗೆ ಪಾಸು. ಕುಡಿಯುವ ನೀರಿನ ಮಿತಿ 0.01 ಎಂದು ಮೇಲೆ ಹೇಳಿದೆ. 5 ಎಂಬುದು ಅದರ 500 ಪಾಲು. ಈ ಪರೀಕ್ಷೆ ಇರುವುದು ಬೂದಿಯನ್ನು ಯಾವ ಬಗೆಯ ಗುಂಡಿಯಲ್ಲಿ ಹೂಳಬೇಕೆಂದು ತೀರ್ಮಾನಿಸಲು. ಬಾವಿಯ ಪಕ್ಕ ಸುರಿಯಬಹುದೇ ಎಂದು ನೋಡಲು ಅಲ್ಲ.

ಸಂಸ್ಕಾರ ಮಾಡಿದ ಬೂದಿಯ ಹಗ್ಗ ಸಡಿಲಾಗುವ ಜಾಗಗಳು ನಮ್ಮ ಹಳ್ಳಿಯಲ್ಲೇ ಹೆಚ್ಚು. ತಿಪ್ಪೆಗುಂಡಿಯಲ್ಲಿ ಸೊಪ್ಪುಸದೆ ಕೊಳೆಯುವಾಗ ಹುಳಿ ಹುಟ್ಟುತ್ತದೆ, ಕಪ್ಪು ರಸ ಇಳಿಯುತ್ತದೆ. ಆ ರಸವು ತಾಮ್ರವನ್ನೂ ಸೀಸವನ್ನೂ ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ಕಸದ ಬೂದಿಯನ್ನು, ಎಂಥ ಸಂಸ್ಕಾರವಾಗಿದ್ದರೂ ಸರಿ, ಗೊಬ್ಬರದ ಗುಂಡಿಗೆ ಎಂದೂ ಸೇರಿಸಕೂಡದು. ಮಲೆನಾಡು, ಕರಾವಳಿಯ ಮಣ್ಣು ಮೊದಲೇ ಹುಳಿ. ಅಮೋನಿಯಂ ಸಲ್ಫೇಟ್ ವರ್ಷ ವರ್ಷವೂ ಹಾಕಿದ ಹೊಲವೂ ಹುಳಿಯತ್ತ ತಿರುಗುತ್ತದೆ. ಅಂಥಲ್ಲಿ ಇಂದು ಕಟ್ಟಿದ ಲೋಹ ಹತ್ತು ವರ್ಷದ ಮೇಲೆ ಬಿಚ್ಚಿಕೊಳ್ಳಬಹುದು. ಹಾಗೆಂದು ಬಯಲುಸೀಮೆಯ ಕಪ್ಪು ಮಣ್ಣಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ಅಲ್ಲಿ ಸೀಸ ಕೆಳಗಿಳಿಯದಿದ್ದರೂ ಮೇಲುಮಣ್ಣಿನಲ್ಲೇ ಉಳಿದು, ದೂಳಾಗಿ ಎದ್ದು ಮಕ್ಕಳ ಕೈಗೂ ಬಾಯಿಗೂ ಬರುತ್ತದೆ.

ಸಂಸ್ಕಾರವಾದ ತಳಬೂದಿಗೆ ತಕ್ಕ ಜಾಗವೆಂದರೆ ಮೇಲೆ ಡಾಂಬರು ಅಥವಾ ಕಾಂಕ್ರೀಟು ಮುಚ್ಚಿದ ದೊಡ್ಡ ರಸ್ತೆಯ ಕೆಳಪದರ, ಅದೂ ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಮೇಲೆ, ಬಾವಿ ಕೆರೆಗಳಿಂದ ದೂರ. ಹಾರುಬೂದಿಗೆ ತಕ್ಕ ಜಾಗ ಕೆಳಗೂ ಮೇಲೂ ಹೊದಿಕೆ ಹಾಕಿದ, ಅಪಾಯಕಾರಿ ತ್ಯಾಜ್ಯಕ್ಕೆಂದೇ ಮಾಡಿದ ಗುಂಡಿ. ಹೊಲ, ಕೆರೆ ಅಂಗಳ, ಕಾಲುದಾರಿ, ಕಣ, ಶಾಲೆಯ ಆಟದ ಬಯಲು ಇವು ಯಾವ ಕಸದ ಬೂದಿಗೂ ಜಾಗವಲ್ಲ.

ಲಾರಿ ಬಂದಾಗ

ಯಾವ ಕಾರ್ಖಾನೆಯ ಬೂದಿ, ಏನು ಸುಟ್ಟದ್ದು, ತಳಬೂದಿಯೇ ಹಾರುಬೂದಿಯೇ ಎರಡೂ ಬೆರೆತದ್ದೇ, ಎಷ್ಟು ದಿನ ಮಾಗಿಸಿದ್ದಾರೆ, ಎಂದು ಕೇಳಿರಿ. ಸಾಗಿಸುವುದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಕಾಗದ ಎಲ್ಲಿ ಎಂದು ಕೇಳಿರಿ. ಉತ್ತರ ತಡವರಿಸಿದರೆ ಇಳಿಸಲು ಬಿಡಬೇಡಿ; ಲಾರಿಯ ನಂಬರು ಬರೆದುಕೊಂಡು ಗ್ರಾಮ ಪಂಚಾಯಿತಿಗೆ ತಿಳಿಸಿರಿ. ಪುಕ್ಕಟೆ ತುಂಬಿಸಿಕೊಂಡ ಬೂದಿಯನ್ನು ತೆಗೆಸುವ ಖರ್ಚು ಭೂಮಿಯ ಬೆಲೆಯನ್ನೇ ನುಂಗಬಹುದು.

ಪಟ್ಟಣದ ಲಾರಿಯನ್ನು ದೂರಿ ಮನೆಯ ನೀರೊಲೆಯನ್ನು ಮರೆಯುವುದೂ ನ್ಯಾಯವಲ್ಲ. ಸ್ನಾನದ ಹಂಡೆಗೆ ಉರಿ ಹಚ್ಚಲು ಬಣ್ಣದ ಪ್ಲಾಸ್ಟಿಕ್, ಹಳೆ ಚಪ್ಪಲಿ, ಟೈರಿನ ತುಂಡು, ಬಣ್ಣ ಬಳಿದ ಕಿಟಕಿಯ ಮರ ಹಾಕುವ ಮನೆಗಳು ಬೇಕಾದಷ್ಟಿವೆ. ತಾಮ್ರಕ್ಕಾಗಿ ವಯರು ಸುಡುವವರೂ ಉಂಟು. ಆ ಬೂದಿ ತೆಂಗಿನ ಬುಡಕ್ಕೆ, ಪಾತ್ರೆ ತಿಕ್ಕುವುದಕ್ಕೆ ಹೋದರೆ ಮೇಲೆ ಹೇಳಿದ ಕತೆಯೇ ಚಿಕ್ಕದಾಗಿ ನಡೆಯಿತೆಂದು ತಿಳಿಯಿರಿ. ಮನೆಯಲ್ಲಿ ಇದಕ್ಕೆ ಸಂಸ್ಕಾರ ಮಾಡುವ ಉಪಾಯವಿಲ್ಲ. ಸೌದೆಯ ಹೊರತು ಬೇರೇನನ್ನೂ ಒಲೆಗೆ ಹಾಕದಿರುವುದೇ ಉಪಾಯ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಕೇಂದ್ರ ನಿಯಮಗಳೇ ನಿಷೇಧಿಸಿದವು.

ಈಗಾಗಲೇ ಬೂದಿ ಇಳಿಸಿಕೊಂಡಿದ್ದರೆ ಗಾಬರಿ ಬೇಡ. ಅದನ್ನು ಉತ್ತು ಮಣ್ಣಿಗೆ ಬೆರೆಸಬೇಡಿ. ರಾಶಿಯಾಗಿದ್ದರೆ ತೆಗೆಯುವುದು ಸುಲಭ. ಮಳೆ ಬೀಳದಂತೆ ತಾಡಪಾಲು ಮುಚ್ಚಿ, ಮೇಲಿನಿಂದ ಹರಿದು ಬರುವ ನೀರು ತಾಗದಂತೆ ಸುತ್ತ ಕಾಲುವೆ ತೆಗೆಯಿರಿ. ಕೋಳಿ, ಕುರಿ, ಮಕ್ಕಳು ಆ ಕಡೆ ಸುಳಿಯದಂತೆ ಬೇಲಿ ಹಾಕಿರಿ. ಬೆರೆತೇ ಹೋಗಿದ್ದರೆ, ಪರೀಕ್ಷೆಯ ಫಲ ಬರುವವರೆಗೆ ಆ ಜಾಗದಲ್ಲಿ ದಂಟು, ಪಾಲಕ್, ಮೂಲಂಗಿಯಂಥ ಸೊಪ್ಪು ಗೆಡ್ಡೆಗಳನ್ನು ಬೆಳೆಯದಿರಿ. ಇವು ಕ್ಯಾಡ್ಮಿಯಂ ಎಳೆದುಕೊಳ್ಳುವುದರಲ್ಲಿ ಮುಂದು. ಮಣ್ಣು ಹುಳಿಯಾಗಲು ಬಿಡಬೇಡಿ. ಭತ್ತದ ಗದ್ದೆಯಾದರೆ ಜಪಾನಿನ ರೈತರಿಗೆ ಅಲ್ಲಿಯ ಕೃಷಿ ಇಲಾಖೆ ಕಲಿಸಿರುವ ಕ್ರಮ ಉಪಯೋಗಕ್ಕೆ ಬರುತ್ತದೆ: ತೆನೆ ಹೊರಡುವ ಮೂರು ವಾರ ಮುಂಚಿನಿಂದ ಮೂರು ವಾರ ಆಮೇಲಿನವರೆಗೆ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಕಾಳಿಗೆ ಏರುವುದು ಕಡಿಮೆಯಾಗುತ್ತದೆ.

ಮಣ್ಣು ಆರೋಗ್ಯ ಚೀಟಿಗಾಗಿ ಮಾಡುವ ಸಾಮಾನ್ಯ ಪರೀಕ್ಷೆಯಲ್ಲಿ ಸತು, ತಾಮ್ರ ನೋಡುತ್ತಾರೆಯೇ ಹೊರತು ಸೀಸ, ಕ್ಯಾಡ್ಮಿಯಂ ನೋಡುವುದಿಲ್ಲ. ಅವನ್ನು ಬೇರೆಯಾಗಿಯೇ ಕೇಳಬೇಕು. ಎಲ್ಲಿ ಮಾಡಿಸಬಹುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಬಾವಿಯ ನೀರಿಗೆ ಪ್ರಯೋಗಶಾಲೆಯವರೇ ಕೊಡುವ ಸೀಸೆಯನ್ನು ಬಳಸಿರಿ. ಬೂದಿಯ ಮಾದರಿಯನ್ನು ರಾಶಿಯ ಮೇಲ್ಮೈಯಿಂದ ತೆಗೆಯಬೇಡಿ, ಅದು ಮಳೆಗೆ ತೊಳೆದುಹೋಗಿರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ಗೇಣು ಒಳಗಿನಿಂದ, ಹತ್ತು ಕಡೆ, ಮರದ ಅಥವಾ ಪ್ಲಾಸ್ಟಿಕ್ಕಿನ ಸಲಿಕೆಯಿಂದ ತೆಗೆದು ಕಲಸಿ, ಎರಡು ಪಾಲು ಮಾಡಿ. ಸ್ವಚ್ಛವಾದ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ದಿನಾಂಕ, ಸರ್ವೆ ನಂಬರು, ಲಾರಿಯ ನಂಬರು ಬರೆಯಿರಿ. ಒಂದು ಚೀಲ ಪರೀಕ್ಷೆಗೆ ಹೋಗಲಿ. ಇನ್ನೊಂದನ್ನು ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಮೊಹರು ಮಾಡಿಸಿ ಪಂಚಾಯಿತಿ ಕಚೇರಿಯಲ್ಲಿ ಇಡಿಸಿರಿ.